ಸೊಳ್ಳೆಯೊಳಗಿನ ವೈರಸ್

ಸೊಳ್ಳೆಯಿಂದ ಮನುಷ್ಯನಿಗೆ ರೋಗ ಬರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಸೊಳ್ಳೆಗೆ ಮಾತ್ರವೇ ಹತ್ತಿ, ನಮ್ಮ ಗೊಡವೆಗೇ ಬಾರದ ವೈರಸುಗಳೂ ಉಂಟು. ಯಾವ ಕಾಯಿಲೆಯನ್ನೂ ಹುಟ್ಟಿಸದ ಇಂಥದೊಂದು ವೈರಸ್ ಇದೆಯೆಂದು ತಿಳಿಯುವುದು ಹೇಗೆ? ತಿಳಿದ ಮೇಲೆ ಅದರ ಕುಲವನ್ನು ಗೊತ್ತುಮಾಡುವುದು ಹೇಗೆ?

ಪ್ರಾಣಿಗಳ ಜೀವಕೋಶಗಳನ್ನು ಬೇರ್ಪಡಿಸಿ, ಪೋಷಕ ದ್ರವವಿರುವ ಪಾತ್ರೆಗಳಲ್ಲಿ ಬೆಳೆಸಬಹುದು. ಪುಣೆಯ ವೈರಸ್ ಸಂಶೋಧನ ಕೇಂದ್ರದಲ್ಲಿ ಸಿಂಗ್ ಎಂಬ ವಿಜ್ಞಾನಿ ಈಡಿಸ್ ಆಲ್ಬೊಪಿಕ್ಟಸ್ ಎಂಬ ಸೊಳ್ಳೆಯ ಮರಿಗಳಿಂದ ಇಂಥ ಕೋಶಗಳನ್ನು ಬೆಳೆಸಿ, 1967ರಲ್ಲಿ ವರದಿಯನ್ನು ಪ್ರಕಟಿಸಿದರು. (ಅದು ಅಚ್ಚಾದುದು ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ.) ಈ ಕೋಶಗಳು ಹೊರದೇಶದ ಪ್ರಯೋಗಶಾಲೆಗಳಿಗೂ ಹೋದುವು. 1975ರಲ್ಲಿ ಅಮೆರಿಕದ ವಿಕ್ಟರ್ ಸ್ಟೋಲರ್ ಮತ್ತು ವರ್ಜೀನಿಯಾ ಥಾಮಸ್ ಅವರು ಒಂದು ವಿಚಿತ್ರವನ್ನು ವರದಿಮಾಡಿದರು. ಇನ್ನೊಂದು ಜಾತಿಯ ಸೊಳ್ಳೆಯಾದ ಈಡಿಸ್ ಈಜಿಪ್ಟೈಯ ಕೋಶಗಳು ಬೆಳೆದಿದ್ದ ದ್ರವವನ್ನು ಆಲ್ಬೊಪಿಕ್ಟಸ್ ಕೋಶಗಳ ಮೇಲೆ ಹಾಕಿದಾಗ, ಈ ಕೋಶಗಳು ಒಂದರೊಡನೊಂದು ಬೆಸೆದುಕೊಂಡು, ಅನೇಕ ಕೋಶಕೇಂದ್ರಗಳುಳ್ಳ ದೊಡ್ಡ ಮುದ್ದೆಗಳಾದುವು. ದ್ರವವನ್ನು ಕೊಟ್ಟ ಈಜಿಪ್ಟೈ ಕೋಶಗಳು ಮಾತ್ರ ಏನೂ ಆಗದಂತೆ ಇದ್ದುವು!

ದ್ರವದಲ್ಲಿದ್ದುದು ಯಾವುದೋ ರಾಸಾಯನಿಕ ವಸ್ತುವಾಗಿರಬಾರದೇಕೆ? ಇದಕ್ಕೆ ಸರಳವಾದ ಲೆಕ್ಕವೊಂದಿದೆ. ದ್ರವವನ್ನು ಹತ್ತು ಪಟ್ಟು ತೆಳುಮಾಡಿ ಹೊಸ ಕೋಶಗಳಿಗೆ ಹಾಕುವುದು. ಅಲ್ಲಿಯ ದ್ರವವನ್ನು ಮತ್ತೆ ಹತ್ತು ಪಟ್ಟು ತೆಳುಮಾಡಿ ಬೇರೆ ಕೋಶಗಳಿಗೆ ಹಾಕುವುದು. ಹೀಗೆ ಹತ್ತು ಸಲ ಮಾಡಿದರೆ ಮೂಲವಸ್ತು ಸಾವಿರ ಕೋಟಿಯಲ್ಲಿ ಒಂದು ಪಾಲಾಗುತ್ತದೆ. ರಾಸಾಯನಿಕವಾದರೆ ಅದರ ಪ್ರಭಾವ ಅಷ್ಟರಲ್ಲಿ ಅಡಗಿಹೋಗಬೇಕು. ಅಡಗದಿದ್ದರೆ, ಅದು ತನ್ನ ಸಂಖ್ಯೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತಿದೆಯೆಂದೇ ಅರ್ಥ. ಸ್ಟೋಲರ್ ಅವರು ಕಂಡುದು ಅಂಥ ವಸ್ತುವೇ. ಸೊಳ್ಳೆಯ ಕೋಶಗಳಲ್ಲಿ ವೃದ್ಧಿಯಾಗುವ ಅದು ಸಸ್ತನಿಗಳ ಕೋಶಗಳಲ್ಲಿ ಬೆಳೆಯಲೊಲ್ಲದು. 'ಕೋಶ ಬೆಸೆಯುವ ಕಾರಕ' ಎಂಬರ್ಥದ ಹೆಸರು ಅದಕ್ಕೆ ಬಂದಿತು.

ಇನ್ನು ಕುಲದ ಪ್ರಶ್ನೆ. ಲಕ್ಷಣಗಳನ್ನು ನೋಡಿದರೆ ಇದು ಫ್ಲೇವಿವೈರಸುಗಳನ್ನು ಹೋಲುತ್ತಿತ್ತು. ಹಳದಿ ಜ್ವರ, ಡೆಂಗಿ, 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇವುಗಳನ್ನು ತರುವ ವೈರಸುಗಳೆಲ್ಲ ಆ ಗುಂಪಿನವೇ. ಆದರೆ ಗುರುತುಹಿಡಿಯುವ ವಾಡಿಕೆಯ ವಿಧಾನ ಇಲ್ಲಿ ಫಲಿಸಲಿಲ್ಲ. ಒಂದು ವೈರಸಿಗೆ ಎದುರಾಗಿ ದೇಹ ತಯಾರಿಸುವ ಪ್ರತಿಕಾಯಗಳು ಅದರ ಹತ್ತಿರದ ನೆಂಟರನ್ನೂ ಹಿಡಿಯಬಲ್ಲವು. ಈ ವೈರಸನ್ನು ಮಾತ್ರ ಆ ಗುಂಪಿನ ಯಾವ ಪ್ರತಿಕಾಯವೂ ಹಿಡಿಯಲಿಲ್ಲ.

ಉತ್ತರ ದೊರೆತುದು 1992ರಲ್ಲಿ, ವೈರಸಿನ ಆರ್‌ಎನ್‌ಎಯನ್ನು ಆದ್ಯಂತವಾಗಿ ಓದಿದಾಗ. ನಾಲ್ಕೇ ಬಗೆಯ ಅಕ್ಷರಗಳಲ್ಲಿ ಬರೆದ ಆ ಬರಹದ ಉದ್ದ 10,695 ಅಕ್ಷರ. ಅದರಲ್ಲಿ 10,023 ಅಕ್ಷರಗಳು ಎಡೆಬಿಡದ ಒಂದೇ ವಾಕ್ಯದಂತಿವೆ. ಮೂರು ಅಕ್ಷರಕ್ಕೆ ಒಂದರಂತೆ 3,341 ಅಮೈನೋ ಆಮ್ಲಗಳ ಸರಪಳಿಗೆ ಇದು ಆಜ್ಞೆ. ಜೀನುಗಳ ಕ್ರಮವು ಫ್ಲೇವಿವೈರಸುಗಳದೇ. ಅಮೈನೋ ಆಮ್ಲಗಳು ಇಪ್ಪತ್ತು ಬಗೆಯವು. ಸಂಬಂಧವೇ ಇಲ್ಲದ ಎರಡು ಸರಪಳಿಗಳು ಆಕಸ್ಮಿಕವಾಗಿ ತಾಳೆಯಾಗುವುದು ಸುಮಾರು ಇಪ್ಪತ್ತರಲ್ಲೊಂದು ಕಡೆ. ಆರ್‌ಎನ್‌ಎಯ ಪ್ರತಿ ತೆಗೆಯುವ ಪ್ರೋಟೀನಿನಲ್ಲಿ ಹೋಲಿಕೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೊರಕವಚದ ಪ್ರೋಟೀನುಗಳಲ್ಲಾದರೋ ಹೇಳಿಕೊಳ್ಳುವಂಥ ಹೋಲಿಕೆಯೇ ಇಲ್ಲ. ಪ್ರತಿಕಾಯಗಳು ಸೋತುದೇಕೆಂಬುದು ಈಗ ವಾಚಕರಿಗೆ ಹೊಳೆದಿರಬಹುದು. ಅವು ಮುಖ್ಯವಾಗಿ ಗುರುತಿಸುವುದು ಹೊರ ಅಂಗಿಯನ್ನು. ಅಂಗಿ ಬದಲಾಗಿತ್ತು, ಒಳಗಿನ ಯಂತ್ರ ಮನೆತನದ್ದೇ ಆಗಿತ್ತು.

ಪಾತ್ರೆಯಲ್ಲಿ ಸಿಕ್ಕಿದ ವೈರಸ್ ನಿಸರ್ಗದಲ್ಲಿಯೂ ಉಂಟೇ ಎಂಬ ಸಂಶಯ ನ್ಯಾಯವಾದುದೇ. 1999ರಲ್ಲಿ ಕೆನ್ಯಾದ ನೀರು ತುಂಬಿದ ತಗ್ಗುಗಳಿಂದ ಎತ್ತಿ ಸಾಕಿದ ಸೊಳ್ಳೆಮರಿಗಳಲ್ಲಿ ಇದರ ನೆಂಟನೊಂದು ದೊರೆಯಿತು. ಅದೇ ಕಾಮಿಟಿ ನದಿಯ ವೈರಸ್. ಅದರ ಬರಹ 11,375 ಅಕ್ಷರ. ರಕ್ತದ ರುಚಿಯನ್ನೇ ಕಾಣದ ಮರಿಗಳಿಗೆ ಅದು ಪ್ರಾಣಿಗಳಿಂದ ಬಂದಿರಲಾರದು. ತಾಯಿಯಿಂದ ಮೊಟ್ಟೆಯ ಮೂಲಕ ಬಂದಿರುವುದೇ ಹೆಚ್ಚು ಸಂಭವ. ಬಳಿಕ ಪೋರ್ಟೊ ರಿಕೊ ದ್ವೀಪದ ಕಾಡುಸೊಳ್ಳೆಗಳಲ್ಲಿ ಕೋಶ ಬೆಸೆಯುವ ವೈರಸೇ ಸಿಕ್ಕಿತೆಂದು 2006ರಲ್ಲಿ ಪ್ರಕಟವಾಯಿತು.

ನಮ್ಮನ್ನು ಮುಟ್ಟದ ಈ ವೈರಸು ನಮಗೆ ಉಪಕಾರಿಯೂ ಆದೀತೇ? ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಇದು ಸೇರಿಕೊಂಡಿದ್ದರೆ ಡೆಂಗಿ ಮತ್ತು ಜಿಕಾ ವೈರಸುಗಳು ಸೊಳ್ಳೆಯ ಮೈಯಲ್ಲಿ ಹರಡುವುದು ಕಡಿಮೆಯಾಗುವುದೆಂದು 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆದರೆ ಅವು ಪ್ರಯೋಗಶಾಲೆಯ ಸೊಳ್ಳೆಗಳು. ಊರಿನ ತೊಟ್ಟಿ, ಮಡಕೆಗಳಲ್ಲಿ ಹುಟ್ಟುವ ಸೊಳ್ಳೆಯಲ್ಲಿಯೂ ಹಾಗೆಯೇ ನಡೆಯುವುದೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಿ ನೋಡಬೇಕು.