ಶಕ್ತಿವಾಲ್ವುಗಳೂ ಗಿಟಾರಿನ ನಾದವೂ

ಧಾರವಾಡದ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾದ ಮೇಲೆ ಅದರ ಕಾರ್ಯಕ್ರಮಗಳನ್ನು ವಾಲ್ವ್ ರೇಡಿಯೊಗಳಲ್ಲಿ ಆಲಿಸಿದ ತಲೆಮಾರೊಂದು ಯಲ್ಲಾಪುರ, ಇಡಗುಂದಿಗಳ ಸೀಮೆಯಲ್ಲಿ ಉಂಟು. ಗುಂಡಿ ತಿರುವಿದೊಡನೆ ಧ್ವನಿ ಬಾರದು. ಒಳಗಿನ ಗಾಜಿನ ನಳಿಕೆಗಳು ಕಾದು ಕೆಂಪೇರುವವರೆಗೆ ತಾಳ್ಮೆಯಿಂದಿರಬೇಕು. ಅಂದಿನ ಅನೇಕ ರೇಡಿಯೊಗಳ ಕೊನೆಯ ಹಂತದಲ್ಲಿ ನಿಂತು ಧ್ವನಿಗೆ ಬಲ ನೀಡುತ್ತಿದ್ದುದು ‘ಇಎಲ್ 84’ ಎಂಬ ಶಕ್ತಿವಾಲ್ವು. 1961ರಲ್ಲಿ ವಾಲ್ವುಗಳ ತಯಾರಿಕೆಯನ್ನು ಕೈಗೊಂಡ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಈ ಜಾತಿಯದನ್ನೂ ತಯಾರಿಸಿತು. ಇದೇ ವಾಲ್ವು ಇಂಗ್ಲೆಂಡಿನಲ್ಲಿ ಗಿಟಾರ್ ವರ್ಧಕಗಳನ್ನು ಸೇರಿ ಬೇರೊಂದು ಕೀರ್ತಿಗೆ ಪಾತ್ರವಾಯಿತು. ರೇಡಿಯೊದಲ್ಲಿ ದೋಷವೆನಿಸಿದ್ದು ಅಲ್ಲಿ ಗುಣವೆನಿಸಿತು. ಇದರ ಕಾರಣವನ್ನು ಅರಿಯುವುದು ಉಚಿತವಾಗಿದೆ.

ವಾಲ್ವೆಂದರೆ ಗಾಳಿಯನ್ನು ತೆಗೆದ ನಳಿಕೆ. ಅದರ ನಡುವಿನ ಕ್ಯಾಥೋಡ್ ಕಾದಾಗ ಎಲೆಕ್ಟ್ರಾನುಗಳು ಹೊರಹೊಮ್ಮಿ ಆನೋಡಿನತ್ತ ಧಾವಿಸುತ್ತವೆ. ಇವೆರಡರ ನಡುವಣ ಗ್ರಿಡ್ ಎಂಬ ತಂತಿಜಾಲರಿಯು ಕೆರೆಯ ತೂಬಿನಂತೆ ಆ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ವರ್ಧಕದ ಮೊದಲ ಹಂತದ ಪುಟ್ಟ ವಾಲ್ವುಗಳು ಗಿಟಾರಿನ ಕ್ಷೀಣ ಸಂಕೇತವನ್ನು ಬೆಳೆಸುತ್ತವೆ. ಶಕ್ತಿವಾಲ್ವುಗಳು ಅದಕ್ಕೆ ಧ್ವನಿಪೆಟ್ಟಿಗೆಯನ್ನು ನಡುಗಿಸುವ ಬಲವನ್ನು ಕೊಡುತ್ತವೆ.

ಆದರೆ ತೂಬಿಗೂ ಮಿತಿಯುಂಟು. ಪೂರ್ಣ ತೆರೆದುದನ್ನು ಇನ್ನಷ್ಟು ತೆರೆಯಲಾಗದು. ಸಂಕೇತವು ಆ ಮಿತಿಯನ್ನು ಮೀರಿದಾಗ ಅಲೆಯ ತುದಿ ಚಪ್ಪಟೆಯಾಗಿ ಉಪಸ್ವರಗಳು ಹೆಚ್ಚುತ್ತವೆ. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಬಾರಿ ಕಂಪಿಸುತ್ತದೆ. ಅದನ್ನು ಷಡ್ಜವೆಂದು ಭಾವಿಸಿದರೆ 220 ಕಂಪನವು ಮೇಲಿನ ಷಡ್ಜ, 330 ಕಂಪನವು ಅದರ ಮೇಲಿನ ಪಂಚಮ. ಒಂದೆರಡು ತಂತಿಗಳ ನಾದಕ್ಕೆ ಇವು ಸೇರಿದರೆ ಅದು ತುಂಬಿಕೊಳ್ಳುತ್ತದೆ. ರೇಡಿಯೊದಲ್ಲಾದರೋ ಹಾಡು, ತಬಲೆ, ಹಾರ್ಮೋನಿಯಂಗಳು ಕೂಡಿ ಬರುವುದರಿಂದ ಎಲ್ಲವೂ ಒಂದರೊಡನೊಂದು ಕಲಸಿ ಕರ್ಕಶವಾಗುತ್ತವೆ. ವಾಲ್ವು ಸಾಮಾನ್ಯವಾಗಿ ಮೆಲ್ಲಮೆಲ್ಲನೆ ಈ ಮಿತಿಗೆ ಸರಿಯುತ್ತದೆ. ಆದ್ದರಿಂದ ಮೃದುವಾಗಿ ಮೀಟಿದರೆ ತಿಳಿನಾದ, ಬಲವಾಗಿ ಮೀಟಿದರೆ ಗಡಸು ನಾದ. ವಾದಕನ ಬೆರಳೇ ಅದನ್ನು ನಿರ್ಧರಿಸುತ್ತದೆ.

ವಾಲ್ವಿನ ಜಾತಿಗೆ ತಕ್ಕಂತೆ ಈ ಮಿತಿಯೂ ಬೇರೆ. ಇಎಲ್ 84ರ ಆನೋಡ್ ತಾಳಬಲ್ಲ ಶಾಖ 12 ವ್ಯಾಟ್; ಇಎಲ್ 34ರದು 25 ವ್ಯಾಟ್. ಚಿಕ್ಕದು ಕಡಮೆ ಸದ್ದಿನಲ್ಲಿಯೇ ಒಡೆಯತೊಡಗುತ್ತದೆ. ವೋಕ್ಸ್ ಎಸಿ 30 ವರ್ಧಕದಲ್ಲಿ ನಾಲ್ಕು ಇಎಲ್ 84ಗಳಿವೆ. ಅಮೆರಿಕದ ಆರ್‌ಸಿಎ ಸಂಸ್ಥೆ 1936ರಲ್ಲಿ ಹೊರತಂದ 6ಎಲ್6 ವಾಲ್ವು ಫೆಂಡರ್ ವರ್ಧಕಗಳ ಆಧಾರವಾಯಿತು. ಮಾರ್ಷಲ್ ವರ್ಧಕಗಳು ಇಎಲ್ 34ರಿಂದ ಹೆಸರಾದವು.

ಹಾಗೆಂದು ನಾದದ ಯಶಸ್ಸೆಲ್ಲವನ್ನೂ ವಾಲ್ವಿನ ಹೆಸರಿಗೇ ಸಲ್ಲಿಸುವುದು ಸರಿಯಲ್ಲ. ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು ತಪ್ಪನ್ನು ತಿದ್ದುವ ಏರ್ಪಾಡು ಎಸಿ 30ರ ಶಕ್ತಿಹಂತದಲ್ಲಿಲ್ಲ; ಅದು ಕ್ರಮೇಣ ಒಡೆಯುತ್ತದೆ. ಆ ಏರ್ಪಾಡಿರುವ ವರ್ಧಕ ಮಿತಿಯವರೆಗೆ ಶುದ್ಧವಾಗಿದ್ದು ಬಳಿಕ ಥಟ್ಟನೆ ಒಡೆಯುತ್ತದೆ. ಎರಡು ವಾಲ್ವುಗಳು ಜೋಡಿಯಾಗಿ ಎದುರುಬದುರು ದುಡಿದರೆ ತಮ್ಮಲ್ಲಿ ಹುಟ್ಟಿದ ಸಮಸಂಖ್ಯೆಯ ಉಪಸ್ವರಗಳನ್ನು ಬಹುಮಟ್ಟಿಗೆ ಪರಸ್ಪರ ಅಳಿಸುತ್ತವೆ. ಟ್ರಾನ್ಸ್‌ಫಾರ್ಮರ್, ಧ್ವನಿಪೆಟ್ಟಿಗೆಗಳ ಪಾಲೂ ಸಣ್ಣದಲ್ಲ. ಆದ್ದರಿಂದ ಹೆಚ್ಚು ಬೆಲೆ ತೆತ್ತು ಅದೇ ಜಾತಿಯ ಬೇರೆ ವಾಲ್ವನ್ನು ತಂದವನಿಗೆ ನಿರಾಶೆಯಾದರೆ ಅಚ್ಚರಿಯಿಲ್ಲ. ಬದಲಿಸುವವರು ಗ್ರಿಡ್ಡಿನ ಹದವನ್ನು ಬಲ್ಲವರಿಂದ ಪರೀಕ್ಷಿಸಬೇಕು. ಒಳಗಿನ 300–450 ವೋಲ್ಟಿನ ವಿದ್ಯುತ್ತು ಪ್ರಾಣಾಂತಕ. ಕೆಪಾಸಿಟರುಗಳು ಸ್ವಿಚ್ಚನ್ನು ಆರಿಸಿದ ಮೇಲೂ ಅದನ್ನು ಹಿಡಿದಿಡಬಲ್ಲವು.

ಟ್ರಾನ್ಸಿಸ್ಟರ್ ಬಂದು ರೇಡಿಯೊದಿಂದ ವಾಲ್ವು ಮರೆಯಾಯಿತು. ಆದರೂ ಸ್ಲೊವಾಕಿಯ, ಚೀನ, ರಷ್ಯಗಳಲ್ಲಿ ಅದರ ತಯಾರಿಕೆ ನಿಂತಿಲ್ಲ. ಅದಕ್ಕೆ ಗಿಟಾರ್ ವಾದಕರ ಬೇಡಿಕೆಯೂ ಒಂದು ಕಾರಣ. ಅಟ್ಟದ ಮೇಲೆ ಧೂಳು ಹಿಡಿದ ರೇಡಿಯೊವನ್ನು ಗುಜರಿಗೆ ಹಾಕುವ ಮುನ್ನ ಇದನ್ನು ನೆನೆಯಬೇಕು. ಯಾವ ಕೆಲಸಕ್ಕೆಂಬುದನ್ನು ತಿಳಿಯದೆ ಒಂದು ವಸ್ತುವಿನ ಗುಣದೋಷಗಳನ್ನು ನಿರ್ಣಯಿಸಲಾಗದು.