ಕ್ಷಾಮಪರಿಹಾರದಲ್ಲಿ ಸ್ತ್ರೀಯರ ಮತ್ತು ಮಕ್ಕಳ ರಕ್ಷಣೆ: 1876–78ರ ಬರಗಾಲದ ಒಂದು ಪರಿಶೀಲನೆ

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ ಕ್ರಿ.ಶ. 1876ರಿಂದ 1878ರ ವರೆಗೆ, ದಕ್ಷಿಣ ಭಾರತವನ್ನು ಆವರಿಸಿದ ಮಹಾಕ್ಷಾಮವನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಮಾತುಗಳನ್ನು ಬಲ್ಲರು: ಮಳೆ ತಪ್ಪಿತು, ಲಕ್ಷಾಂತರ ಜನ ಸತ್ತರು. ಈ ಎರಡರ ನಡುವೆ ಪರಿಹಾರವೆಂಬುದೊಂದು ನಡೆಯಿತು. ಆ ಪರಿಹಾರವು ಯಾವ ರೂಪದಲ್ಲಿ ಬಂದಿತೋ ಅದನ್ನು ಅನುಸರಿಸಿಯೇ ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂಬುದು ಬಹುಮಟ್ಟಿಗೆ ನಿರ್ಣಯವಾಯಿತು. ಸ್ತ್ರೀಯರ ಮತ್ತು ಮಕ್ಕಳ ದೃಷ್ಟಿಯಿಂದ ಆ ಪರಿಹಾರಕ್ರಮವನ್ನು ನೋಡುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. 1871ರ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಬೆಳೆಯದಿದ್ದುದಷ್ಟೇ ಅಲ್ಲ, 8,69,224ರಷ್ಟು ಕುಗ್ಗಿತು. ಇದನ್ನು ಗಂಡು ಹೆಣ್ಣುಗಳಾಗಿ ವಿಂಗಡಿಸಿ ನೋಡಿದರೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. 1871ರಲ್ಲಿ ಪುರುಷರು 25,35,924, ಸ್ತ್ರೀಯರು 25,19,488. 1881ರಲ್ಲಿ ಪುರುಷರು 20,85,842, ಸ್ತ್ರೀಯರು 21,00,346. ಪುರುಷರಲ್ಲಿ ನಾಲ್ಕೂವರೆ ಲಕ್ಷ ಕಡಮೆಯಾದರೆ ಸ್ತ್ರೀಯರಲ್ಲಿ 4,19,142 ಕಡಮೆಯಾಯಿತು. ಕ್ಷಾಮಕ್ಕೆ ಮುಂಚೆ ಹಿಂದಿದ್ದ ಸ್ತ್ರೀಯರ ಸಂಖ್ಯೆ ಕ್ಷಾಮದ ತರುವಾಯ ಪುರುಷರ ಸಂಖ್ಯೆಯನ್ನು ಮೀರಿತು.

ಹಾಗಾದರೆ ಸ್ತ್ರೀಯರಿಗೆ ಹೆಚ್ಚಿನ ರಕ್ಷಣೆ ದೊರೆಯಿತೆನ್ನೋಣವೆ? ಅಷ್ಟು ಅವಸರದ ತೀರ್ಮಾನ ಕೂಡದು. ಜನಗಣತಿಯ ಅಂಕಿಗಳಲ್ಲಿ ಮರಣವೊಂದೇ ಅಲ್ಲ, ಊರು ಬಿಟ್ಟು ಹೋದವರೂ ಹುಟ್ಟದೆ ಹೋದ ಶಿಶುಗಳೂ ಸೇರಿದ್ದಾರೆ. ಆದರೂ ಭಾರತದ ಕ್ಷಾಮಗಳಲ್ಲಿ ಪುರುಷರ ಮರಣವೇ ಹೆಚ್ಚಾಗಿತ್ತೆಂಬುದನ್ನು ಟಿಮ್ ಡೈಸನ್, ಅರೂಪ್ ಮಹಾರತ್ನ ಮೊದಲಾದ ಜನಸಂಖ್ಯಾಶಾಸ್ತ್ರಜ್ಞರು ಇತರ ಪ್ರಾಂತಗಳ ದಾಖಲೆಗಳಿಂದಲೂ ತೋರಿಸಿದ್ದಾರೆ. ಸ್ತ್ರೀದೇಹವು ಹಸಿವನ್ನು ಹೆಚ್ಚು ಕಾಲ ತಾಳಬಲ್ಲುದು. ಗರ್ಭಧಾರಣೆ ಕಡಮೆಯಾದುದರಿಂದ ಹೆರಿಗೆಯ ಸಾವೂ ಕಡಮೆ. ಕೂಲಿ ಅರಸಿ ಮೊದಲು ಹೊರಟು ದಾರಿಯಲ್ಲಿ ಬಿದ್ದವರು ಗಂಡಸರು. ಇವೆಲ್ಲ ಸಂಭಾವ್ಯ ಕಾರಣಗಳು. ಇವುಗಳಲ್ಲಿ ಒಂದನ್ನೂ ಸರ್ಕಾರದ ರಕ್ಷಣೆಯೆಂದು ಹೇಳುವಂತಿಲ್ಲ. ಅಲ್ಲದೆ, ಬದುಕಿ ಉಳಿದವಳು ಯಾವ ಸ್ಥಿತಿಯಲ್ಲಿ ಉಳಿದಳೆಂಬುದನ್ನು ಜನಗಣತಿ ಹೇಳುವುದಿಲ್ಲ.

ಆ ಸ್ಥಿತಿಯನ್ನು ಅರಿಯಬೇಕಾದರೆ ಪರಿಹಾರದ ಕಾಮಗಾರಿಗಳತ್ತ ನೋಡಬೇಕು. ಸರ್ಕಾರದ ಮೂಲತತ್ತ್ವ ಇದು: ಶಕ್ತನಾದವನು ದುಡಿದು ಉಣ್ಣಲಿ, ಅಶಕ್ತನಿಗೆ ಮಾತ್ರ ಧರ್ಮಾರ್ಥವಾಗಿ ಕೊಡೋಣ. ಹೇಳಿಕೆಗೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ನಿಜವಾಗಿ ಕಷ್ಟದಲ್ಲಿರುವವರು ಮಾತ್ರ ಬರಲೆಂದು ಕೆಲಸದ ಸ್ಥಳವನ್ನು ಊರಿನಿಂದ ದೂರದಲ್ಲಿಡುವುದು, ಕೂಲಿಯನ್ನು ಮಾರುಕಟ್ಟೆಯ ದರಕ್ಕಿಂತ ತಗ್ಗಿಸುವುದು, ಕಠಿಣವಾದ ಕೆಲಸ ಕೊಡುವುದು ಎಂಬ ಪರೀಕ್ಷೆಗಳನ್ನು ಒಡ್ಡಿದಾಗ ಆ ತತ್ತ್ವದ ಸ್ವರೂಪವೇ ಬೇರೆಯಾಯಿತು. ಹತ್ತು ಮೈಲಿ ದೂರದ ಕೆಲಸವು ಒಂಟಿ ಗಂಡಸಿಗೆ ಒಂದು ಬೆಳಗಿನ ನಡಿಗೆ. ಕಂಕುಳಲ್ಲಿ ಕೂಸು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರುವ ಹೆಂಗಸಿಗೆ ಅದು ಇಲ್ಲದ ಕೆಲಸಕ್ಕೆ ಸಮಾನ. ಶಕ್ತರು ಅಶಕ್ತರು ಎಂಬ ವಿಂಗಡಣೆಯಲ್ಲಿ ಅವಳು ಶಕ್ತಳ ಪಟ್ಟಿಗೆ ಸೇರುತ್ತಿದ್ದಳು. ಆದರೆ ಅವಳು ಮನೆ ಬಿಟ್ಟು ಹೊರಡುವಂತಿರಲಿಲ್ಲ.

ಕೂಲಿಯ ವಿಷಯವೂ ಇಂತಹುದೇ. 1874ರ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ವೆಚ್ಚಮಾಡಿ ದುಂದುಗಾರನೆಂಬ ಅಪವಾದಕ್ಕೆ ಗುರಿಯಾಗಿದ್ದ ಸರ್ ರಿಚರ್ಡ್ ಟೆಂಪಲ್ಲನು 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದನು. ಈ ಸಲ ಅವನ ಕೈ ಬಿಗಿಯಾಗಿತ್ತು. ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಅರ್ಧ ಆಣೆ ಸಾಕೆಂದು ಅವನು ಗೊತ್ತುಮಾಡಿದನು. ಹೆಂಗಸಿಗೆ ಅದಕ್ಕಿಂತ ಕಡಮೆ, ಮಕ್ಕಳಿಗೆ ಇನ್ನೂ ಕಡಮೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದನ್ನು ಬಲವಾಗಿ ವಿರೋಧಿಸಿದನು. ಮಣ್ಣು ಹೊರುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವೂ ಅದರೊಡನೆ ಬೇಳೆಯೂ ಬೇಕೆಂಬುದು ಅವನ ವಾದ. ಅದೇ ವರ್ಷದ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಟೆಂಪಲ್ಲನ ದರವನ್ನು ಕೈಬಿಟ್ಟಿತು. ಇತ್ತ ಮುಂಬಯಿ ಪ್ರಾಂತದ ದಖನ್ನಿನಲ್ಲಿ ಸಾವಿರಾರು ಕೂಲಿಗಳು, ಹೆಂಗಸರು ಮಕ್ಕಳು ಸಹಿತವಾಗಿ, ತಗ್ಗಿಸಿದ ಕೂಲಿಯನ್ನೂ ದೂರದ ಶಿಬಿರವನ್ನೂ ಒಲ್ಲದೆ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಕೂಲಿಯನ್ನು ಕುಟುಂಬಕ್ಕೆಂದು ಲೆಕ್ಕಹಾಕದೆ ತಲೆಗೆಂದು ಲೆಕ್ಕಹಾಕಿದುದರ ಫಲವನ್ನು ಹೆಚ್ಚಾಗಿ ಅನುಭವಿಸಿದವಳು ತಾಯಿ. ದುಡಿಯಲಾರದ ಮಗುವಿನ ಪಾಲು ಅವಳ ಆ ಕಡಮೆ ಕೂಲಿಯಿಂದಲೇ ಹೊರಡಬೇಕಾಗಿತ್ತು.

ಕೆಲಸಕ್ಕೆ ಬಾರದವರಿಗೆ ಗಂಜಿಮನೆಗಳಿದ್ದುವು. ಮೈಸೂರಿನಲ್ಲಿ ಬೇಯಿಸಿದ ಅನ್ನವನ್ನು ಹಂಚುವ ಪದ್ಧತಿ ಬಹಳವಾಗಿ ಹರಡಿತ್ತು. ಕಣ್ಣೆದುರಿಗೆ ಮಗು ಉಣ್ಣುವುದನ್ನು ಅಧಿಕಾರಿ ನೋಡಬಹುದೆಂಬುದು ಅದರ ಗುಣ. ಜಾತಿಯ ಕಟ್ಟಿನಿಂದಲೋ ಮರ್ಯಾದೆಯ ಭಯದಿಂದಲೋ ಅನೇಕ ಗೃಹಿಣಿಯರು ಅಲ್ಲಿಗೆ ಕಾಲಿಡದೆ ಇದ್ದುದು ಅದರ ದೋಷ. ಜನರು ಒತ್ತಾಗಿ ಸೇರಿದೆಡೆಯಲ್ಲಿ ವಾಂತಿಭೇದಿ ಹರಡಿದುದು ಇನ್ನೊಂದು. 1877ರ ಶರತ್ಕಾಲದಲ್ಲಿ ಕ್ಷಾಮ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ಟನ ಕಾಲದಲ್ಲಿ ಈ ವ್ಯವಸ್ಥೆಯನ್ನು ಬಿಗಿಗೊಳಿಸಿ, ಶಕ್ತರನ್ನು ದೊಡ್ಡ ಕಾಮಗಾರಿಗಳತ್ತ ತಿರುಗಿಸಲಾಯಿತು. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಇಂತಹ ಪರಿಹಾರದ ಕೆಲಸವಾಗಿಯೇ ಮೊದಲಾಯಿತೆಂಬುದನ್ನು ಆ ದಾರಿಯಲ್ಲಿ ಪ್ರಯಾಣಮಾಡುವ ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ!

ಇದೇ ಎಲಿಯಟ್ಟನು ಮುಂದೆ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದುದು ಗಮನಾರ್ಹವಾದ ವಿಷಯ. ಆಯೋಗದ ವರದಿ 1880ರಲ್ಲಿ ಬಂದಿತು. ಅದನ್ನು ಆಧರಿಸಿ 1883ರಲ್ಲಿ ಕ್ಷಾಮಸಂಹಿತೆಯ ಮಾದರಿ ಸಿದ್ಧವಾಯಿತು. ಊರಿನಲ್ಲಿಯೇ ಧರ್ಮಾರ್ಥ ಸಹಾಯ ಪಡೆಯತಕ್ಕವರ ಪಟ್ಟಿಯಲ್ಲಿ ಅಂಧರು, ಅಂಗವಿಕಲರು, ವೃದ್ಧರೊಡನೆ ಎರಡು ವರ್ಗಗಳು ಸೇರಿದುವು: ಮನೆಯಲ್ಲಿ ರೋಗಿಯನ್ನಾಗಲಿ ಶಿಶುವನ್ನಾಗಲಿ ನೋಡಿಕೊಳ್ಳಲೇಬೇಕಾದ್ದರಿಂದ ಹೊರಗೆ ಹೋಗಲಾರದವರು, ಮತ್ತು ಸಂಪ್ರದಾಯದ ಕಾರಣ ಜನರೆದುರಿಗೆ ಬರಲಾರದ ಸ್ತ್ರೀಯರು. ಮಗುವನ್ನು ನೋಡಿಕೊಳ್ಳುವುದೂ ಒಂದು ಕೆಲಸವೆಂದು, ಅದಕ್ಕಾಗಿ ಮನೆಯಲ್ಲಿ ಉಳಿದವಳು ಸೋಮಾರಿಯಲ್ಲವೆಂದು ಸರ್ಕಾರದ ಬರಹವೊಂದು ಒಪ್ಪಿದ್ದು ನಮ್ಮ ಅಭಿಪ್ರಾಯದಲ್ಲಿ ಆ ಸಂಹಿತೆಯ ಅತ್ಯಂತ ಮುಖ್ಯವಾದ ಅಂಶ. ಆದರೆ ಪಟ್ಟಿಯನ್ನು ಬರೆಯುವವರು ಗ್ರಾಮದ ಅಧಿಕಾರಿಗಳು. ಯಾವ ಹೆಸರನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ಲೇಖನಿಯಲ್ಲಿದ್ದಿತು.

ಅನಾಥ ಮಕ್ಕಳ ಪ್ರಶ್ನೆ ಇನ್ನೂ ತೊಡಕಿನದು. ಸಾವಿರಾರು ಮಕ್ಕಳು ತಂದೆತಾಯಿಗಳನ್ನು ಕಳೆದುಕೊಂಡು ಶಿಬಿರಗಳಲ್ಲಿ ಉಳಿದರು. ಅನೇಕರನ್ನು ಮಿಷನರಿಗಳು ಕೈಗೆತ್ತಿಕೊಂಡರು. ಪ್ರಾಣ ಉಳಿಸಿದವರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮಗುವಿನ ಮತ, ಕುಲ, ಹೆಸರುಗಳನ್ನು ಬದಲಿಸುವ ಅಧಿಕಾರ ಅದರಿಂದ ಬರುವುದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಅನಾಥರನ್ನು ಮೊದಲು ಬಂಧುಗಳಿಗೆ, ಬಳಿಕ ಸ್ವಮತೀಯರಿಗೆ ಒಪ್ಪಿಸಬೇಕೆಂಬ ನಿಯಮ ಮುಂದೆ ನೆಲೆಗೊಂಡುದಕ್ಕೆ ಈ ವಿವಾದವೇ ಹಿನ್ನೆಲೆ.

ಈ ಸಂದರ್ಭದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಬ್ಬ ಸಾಕ್ಷಿಯನ್ನು ನೆನೆಯಬೇಕು. ಕಾರ್ಕಳದ ಸಮೀಪದ ಮಾಳದಿಂದ ಬಂದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ಮದರಾಸು ಪ್ರಾಂತದಲ್ಲಿ ಯಾತ್ರೆ ಮಾಡುತ್ತಿದ್ದಾಗ 1874ರಲ್ಲಿ ಹಸಿವಿನಿಂದ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡವರು ಅವರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಮುನ್ನೂರರಷ್ಟು ಬಾಲವಿಧವೆಯರನ್ನೂ ಅನಾಥ ಹುಡುಗಿಯರನ್ನೂ ಕರೆತಂದರು. ಅನ್ನಕ್ಕಾಗಿ ಬಂದ ಹುಡುಗಿಯರನ್ನು ಹೊಂಚುಹಾಕಿ ಕೊಂಡೊಯ್ಯುವವರು ಶಿಬಿರಗಳ ಸುತ್ತ ಸುಳಿಯುತ್ತಿದ್ದುದನ್ನೂ, ಅಲ್ಲಿನ ಮೇಲ್ವಿಚಾರಕರಿಂದಲೇ ಹೆಂಗಸರಿಗೆ ಅಪಾಯವಿದ್ದುದನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಅನ್ನ ಕೊಟ್ಟಮಾತ್ರಕ್ಕೆ ರಕ್ಷಣೆ ಕೊಟ್ಟಂತಾಗಲಿಲ್ಲವೆಂಬುದು ಅಧಿಕಾರಿಗಳ ವರದಿಗಳಿಗಿಂತ ಅವರ ಬರಹದಲ್ಲಿ ಸ್ಪಷ್ಟವಾಗಿದೆ. ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದರಿಂದ ಅವರ ಆಶ್ರಮವೂ ಮೇಲಿನ ವಿವಾದದಿಂದ ಹೊರತಾಗಿರಲಿಲ್ಲ.

ಕ್ಷಾಮದ ಅಂಕಿಗಳನ್ನು ಎಲ್ಲ ವಿಪತ್ತಿಗೂ ಅನ್ವಯಿಸಲಾಗದೆಂಬುದಕ್ಕೆ 2004ರ ಡಿಸೆಂಬರ್ 26ರ ಸುನಾಮಿ ನಿದರ್ಶನ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಸತ್ತವರಲ್ಲಿ ಸ್ತ್ರೀಯರು ಪುರುಷರ ಎರಡೂವರೆ ಪಟ್ಟಿಗೂ ಮಿಗಿಲಾಗಿದ್ದರೆಂದು ಆಕ್ಸ್‌ಫ್ಯಾಮ್ ಸಂಸ್ಥೆ ಲೆಕ್ಕಹಾಕಿತು. ದಡದಲ್ಲಿ ದೋಣಿಗಳಿಗಾಗಿ ಕಾದಿದ್ದವರು, ಮಕ್ಕಳನ್ನು ಎತ್ತಿಕೊಂಡು ಓಡಲಾರದೆ ಹೋದವರು ಹೆಂಗಸರು. ಆಗ ತಮಿಳುನಾಡು ಸರ್ಕಾರ ಅನಾಥ ಮಕ್ಕಳನ್ನು ಅವಸರದಲ್ಲಿ ದತ್ತು ಕೊಡುವುದನ್ನು ತಡೆದು, ನಾಗಪಟ್ಟಣ ಮೊದಲಾದೆಡೆಗಳಲ್ಲಿ ಅವರಿಗಾಗಿ ನಿವಾಸಗಳನ್ನು ತೆರೆಯಿತು. ಮಾರನೆಯ ವರ್ಷ ಬಂದ ವಿಪತ್ತು ನಿರ್ವಹಣಾ ಅಧಿನಿಯಮದ 12ನೆಯ ಪ್ರಕರಣ ಪರಿಹಾರದ ಕನಿಷ್ಠ ಮಟ್ಟಗಳಲ್ಲಿ ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡನ್ನು ಹೇಳುತ್ತದೆ. 61ನೆಯ ಪ್ರಕರಣ ಲಿಂಗ, ಜಾತಿ, ಮತಗಳ ಭೇದವನ್ನು ನಿಷೇಧಿಸುತ್ತದೆ. ರೋಗಿಯ ಬಳಿ ಕುಳಿತು ಮನೆ ಬಿಡಲಾರದವಳ ಹೆಸರು ಮಾತ್ರ ಆ 12ನೆಯ ಪ್ರಕರಣದಲ್ಲಿ ಬರುವುದಿಲ್ಲ. 1883ರಲ್ಲಿ ಅದು ಬಂದಿತ್ತು.

ಧಾತು ಈಶ್ವರ ಬರವನ್ನು ಕುರಿತು ನಾವು ಇಲ್ಲಿ ಹೇಳಿದುದೆಲ್ಲ ಹೆಚ್ಚುಕಡಮೆ ಅಧಿಕಾರಿಗಳ ಮತ್ತು ಡಿಗ್ಬಿಯಂತಹ ಪತ್ರಿಕಾಕರ್ತರ ಕಣ್ಣಿನಿಂದ ಕಂಡದ್ದು. ಗಂಜಿಮನೆಯ ಬಾಗಿಲಲ್ಲಿ ನಿಂತವಳ ಮಾತು ಅವುಗಳಲ್ಲಿಲ್ಲ. ಹಳೆಯ ಮೈಸೂರಿನ ಆಡಳಿತದ ಕಡತಗಳು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿವೆ. ಹಳ್ಳಿಗಳ ಹಾಡು ಕಥೆಗಳಲ್ಲಿ ಬರದ ನೆನಪು ಇನ್ನೂ ಪೂರ್ತಿ ಅಳಿದಿಲ್ಲ. ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನಿಂದಲೇ ಈ ಕೆಲಸವನ್ನು ಮೊದಲುಮಾಡಬಹುದು.