ಮರದ ನೆಲವೂ ಮಸಿಯ ಕಲೆಯೂ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಸುತ್ತಣ ಹಳೆಯ ತೊಟ್ಟಿಮನೆಗಳಲ್ಲಿ ಕೆಳಗಣ ನೆಲವು ಗಾರೆಯದೋ ಸಗಣಿ ಸಾರಿಸಿದ ಮಣ್ಣಿನದೋ ಆಗಿದ್ದರೂ ಉಪ್ಪರಿಗೆಯ ನೆಲ ಮಾತ್ರ ಹಲಗೆಯದಾಗಿರುವುದನ್ನು ಮಲೆನಾಡಿನ ಪರಿಚಯವುಳ್ಳವರೆಲ್ಲರೂ ಬಲ್ಲರು. ಮತ್ತಿ, ಹೊನ್ನೆ, ತೇಗ, ಹಲಸು ಮುಂತಾದ ಮರಗಳಿಂದ ಕೊಯ್ದ ಆ ಅಗಲವಾದ ಹಲಗೆಗಳು ತಲೆಮಾರುಗಳ ಪಾದಸ್ಪರ್ಶದಿಂದ ನಯಗೊಂಡು, ಗೇರೆಣ್ಣೆಯಿಂದಲೂ ಒಲೆಯ ಹೊಗೆಯಿಂದಲೂ ಕಪ್ಪಿಟ್ಟ ಕೆಂಪನ್ನು ತಳೆದು, ಯಾವ ಹೊಸ ನೆಲಕ್ಕೂ ಬಾರದ ಗಾಂಭೀರ್ಯವನ್ನು ಪಡೆದಿರುವುವು. ಮನೆಯ ಯಜಮಾನನು ಶಾನುಭೋಗನೋ ಮಠದ ಪಾರುಪತ್ಯಗಾರನೋ ಆಗಿದ್ದ ಪಕ್ಷದಲ್ಲಿ, ಕಿಟಕಿಯ ಬೆಳಕು ಬೀಳುವ ಎಡೆಯಲ್ಲಿ ಇಳಿಜಾರಿನ ಕಿರುಮೇಜನ್ನು ಮುಂದಿಟ್ಟುಕೊಂಡು, ದೌತಿಯನ್ನು ಬಲಮಗ್ಗುಲಿನ ಹಲಗೆಯ ಮೇಲಿರಿಸಿ, ಲೆಕ್ಕಣಿಕೆಯನ್ನು ಅದ್ದಿ ಅದ್ದಿ ಕಿರ್ದಿ ಖಾತೆಗಳನ್ನು ಬರೆಯುವುದು ಅಲ್ಲಿ ನಿತ್ಯದ ಕಾರ್ಯವಾಗಿತ್ತು. ಅಂಥ ಉಪ್ಪರಿಗೆಗಳಲ್ಲಿ ಇಂದಿಗೂ ಕಿಟಕಿಯ ಬಳಿಯ ಒಂದೆರಡು ಹಲಗೆಗಳ ಮೇಲೆ, ಅಂಗೈಯಗಲದ ಕಪ್ಪು ಮಚ್ಚೆಯೂ ಅದರ ಸುತ್ತ ಸಾಸಿವೆಯಷ್ಟು ಸಣ್ಣ ಸಣ್ಣ ಹನಿಗಳೂ ಕಾಣಸಿಗುವುವು.

ಹಳೆಯ ಮನೆಯನ್ನು ದುರಸ್ತಿ ಮಾಡಿಸಲು ಹೊರಟವರು ಈ ಕಲೆಯನ್ನು ಕಂಡೊಡನೆ ಮಾಡುವ ಮೊದಲ ಕೆಲಸವೆಂದರೆ ಸೀಗೆ, ಬೂದಿ, ಸಾಬೂನು, ಸೋಡಾಪುಡಿಗಳಿಂದ ಅದನ್ನು ಬಲವಾಗಿ ತಿಕ್ಕುವುದು, ಎರಡನೆಯದು ಉಜ್ಜುವ ಯಂತ್ರವನ್ನು ತರಿಸಿ ಹಲಗೆಯ ಮೇಲ್ಮೈಯನ್ನೇ ಹೆರೆದು ಹಾಕುವುದು. ಮೊದಲನೆಯದರಿಂದ ಕಲೆ ಹೋಗದು, ಎರಡನೆಯದರಿಂದ ಕಲೆಯೊಡನೆ ನೆಲವೂ ಹೋಗುತ್ತದೆ. ಇವೆರಡಕ್ಕೂ ಕಾರಣವೊಂದೇ, ಕಲೆಯು ಯಾವ ಮಸಿಯದೆಂಬುದನ್ನು ವಿಚಾರಿಸದೆ ಕೈಯಿಡುವುದು. ಮಸಿಗಳಲ್ಲಿ ಜಾತಿಭೇದವುಂಟು, ಒಂದಕ್ಕೆ ಔಷಧವಾದುದು ಇನ್ನೊಂದಕ್ಕೆ ನಿಷ್ಪ್ರಯೋಜಕವಾಗಬಹುದು, ಮರಕ್ಕೆ ಹಾನಿಕರವೂ ಆಗಬಹುದು.

ನಮ್ಮ ದೇಶದ ಪ್ರಾಚೀನ ಮಸಿಯು ದೀಪದ ಕಾಡಿಗೆಯನ್ನು ಅಂಟಿನೊಡನೆ ಅರೆದು ಮಾಡಿದುದು. ಕಾಡಿಗೆಯೆಂಬುದು ಶುದ್ಧಪ್ರಾಯವಾದ ಇಂಗಾಲವಾದುದರಿಂದ ಆಮ್ಲವಾಗಲಿ ಕ್ಷಾರವಾಗಲಿ ಅದರ ಬಣ್ಣವನ್ನು ಕೆಡಿಸಲಾರದು. ಆದರೆ ಅದು ಮರದೊಳಕ್ಕೆ ಆಳವಾಗಿ ಇಳಿಯುವುದೂ ಇಲ್ಲ. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಕೆಲಕಾಲ ಹೊದಿಸಿಟ್ಟು, ಅಂಟು ಮೆತ್ತಗಾದ ಬಳಿಕ ಮೊಂಡಾದ ಅಲಗಿನಿಂದ ಮರದ ಎಳೆಯ ಜಾಡಿನಲ್ಲಿಯೇ ಮೃದುವಾಗಿ ಹೆರೆದರೆ ಬಹುಪಾಲು ಎದ್ದು ಬರುತ್ತದೆ.

ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಾಡಿದ ಮಸಿಯ ವಿಷಯ ಬೇರೆ. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಗಳಿಂದ ಪಡೆಯುತ್ತಿದ್ದ ಒಗರನ್ನು ನಮ್ಮವರು ಅಳಲೆಯಿಂದ ಪಡೆದರು, ಉಳಿದಂತೆ ರಸಾಯನ ಒಂದೇ. ಟ್ಯಾನಿನ್ ಎಂಬ ಒಗರು ದ್ರವ್ಯವು ಅನ್ನಭೇದಿಯ ಕಬ್ಬಿಣದೊಡನೆ ಕೂಡಿ, ಗಾಳಿಯ ಆಮ್ಲಜನಕವನ್ನು ಹೀರಿ, ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತದೆ. ಬರೆದಾಗ ತಿಳಿಯಾಗಿದ್ದ ಅಕ್ಷರವು ಹೊತ್ತು ಕಳೆದಂತೆ ಕಪ್ಪೇರುವುದು ಈ ಕಾರಣದಿಂದ. ಮುಂದೆ ಬಾಟಲಿಗಳಲ್ಲಿ ಬಂದ ನೀಲಿಗಪ್ಪು ಶಾಯಿಗಳಲ್ಲಿ ಅನೇಕವು ಇದೇ ಕಬ್ಬಿಣದ ಮಸಿಗೆ ನೀಲಿಯ ಬಣ್ಣವನ್ನು ಕೂಡಿಸಿದವಷ್ಟೆ.

ಈ ಮಸಿಯು ನೆಲದ ಮೇಲೆ ಚೆಲ್ಲಿದಾಗ ನಡೆಯುವ ವ್ಯಾಪಾರವು ನನಗೆ ಬಹಳ ಕೌತುಕದ್ದೆಂದು ತೋರುತ್ತದೆ. ಟ್ಯಾನಿನ್ ಇರುವುದು ಅಳಲೆಕಾಯಿಯಲ್ಲಿ ಮಾತ್ರವಲ್ಲ, ಹಲಗೆಯಲ್ಲಿಯೂ ಇರುತ್ತದೆ. ಸಸ್ಯಶಾಸ್ತ್ರಜ್ಞರು ಅಳಲೆಯನ್ನೂ ಮತ್ತಿಯನ್ನೂ ಟರ್ಮಿನೇಲಿಯಾ ಎಂಬ ಒಂದೇ ಕುಲಕ್ಕೆ ಸೇರಿಸಿರುವರು. ಆದುದರಿಂದ ಅಳಲೆಯ ಮಸಿಯು ಮತ್ತಿಯ ಹಲಗೆಯ ಮೇಲೆ ಬಿದ್ದಾಗ ಅದು ಅಪರಿಚಿತರ ಮನೆಯನ್ನು ಹೊಕ್ಕಂತಲ್ಲ. ಮಸಿಯಲ್ಲಿ ಮಿಕ್ಕಿದ್ದ ಕಬ್ಬಿಣವು ಮರದ ಒಗರಿನೊಡನೆ ಕೂಡಿಕೊಂಡು, ಎಳೆಗಳ ಒಳಗೇ ಹೊಸದಾಗಿ ಮಸಿಯನ್ನು ಹುಟ್ಟಿಸುತ್ತದೆ. ನೆಲದ ಹಲಗೆಗಳಿಗೆ ಹೊಡೆದ ಕಬ್ಬಿಣದ ಮೊಳೆಗಳ ಸುತ್ತ ನೀರು ತಾಕಿದಲ್ಲೆಲ್ಲ ಕಪ್ಪು ಬಳೆಯೊಂದು ಮೂಡಿರುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಅಲ್ಲಿ ಯಾರೂ ಮಸಿ ಚೆಲ್ಲಿದವರಲ್ಲ, ಮೊಳೆ ಕೊಟ್ಟ ಕಬ್ಬಿಣದಿಂದ ಮರವು ತಾನೇ ಮಸಿ ಮಾಡಿಕೊಂಡಿದೆ. ಬೂದಿ ಸೋಡಾಗಳ ಕ್ಷಾರವು ಈ ಕಲೆಯನ್ನು ತೆಗೆಯುವುದಿರಲಿ, ಒಗರುಳ್ಳ ಮರವನ್ನು ಇನ್ನಷ್ಟು ಕಪ್ಪಾಗಿಸುವುದು. ಉಕ್ಕಿನ ನಾರಿನಿಂದ ತಿಕ್ಕಿದರಂತೂ ಅದರ ಚೂರುಗಳು ಎಳೆಗಳಲ್ಲಿ ಸಿಕ್ಕಿಕೊಂಡು, ತೇವ ತಗುಲಿದೊಡನೆ ಹೊಸ ಕಲೆಗಳಾಗುವುವು.

ಇದಕ್ಕೆ ತಕ್ಕ ಔಷಧವು ಆಕ್ಸಾಲಿಕ್ ಆಮ್ಲ. ಹಿತ್ತಿಲಿನ ಪುಲ್ಲಂಪುರಚಿ ಸೊಪ್ಪಿನ ಹುಳಿಯಲ್ಲಿಯೂ, ಕರಾವಳಿಯ ಬಿಂಬುಳಿಯಲ್ಲಿಯೂ ಇರುವುದು ಇದೇ. ಬಿಂಬುಳಿಯ ರಸದಿಂದ ಬಟ್ಟೆಯ ತುಕ್ಕಿನ ಕಲೆಯನ್ನು ತೆಗೆಯುವ ವಾಡಿಕೆಗೂ ಇದೇ ಆಧಾರ. ಸ್ವೀಡನ್ನಿನಲ್ಲಿ ಔಷಧವ್ಯಾಪಾರಿಯಾಗಿದ್ದ ಕಾರ್ಲ್ ಷೀಲೆ ಎಂಬ ಮಹಾ ರಸಾಯನಜ್ಞನು 1776ರಲ್ಲಿ ಸಕ್ಕರೆಯಿಂದ ಇದನ್ನು ತಯಾರಿಸಿ ತೋರಿಸಿದನು. ಇಂದು ಮೊಸಾಯಿಕ್ ನೆಲಕ್ಕೆ ಪಾಲಿಷ್ ಹಿಡಿಸುವವರು ಬಳಸುವ ಬಿಳಿಯ ಪುಡಿಯ ರೂಪದಲ್ಲಿ ಇದು ಅಂಗಡಿಗಳಲ್ಲಿ ಸಿಗುತ್ತದೆ. ಇದು ಮರದ ಸಹಜವರ್ಣಕ್ಕೆ ಹೆಚ್ಚಿನ ಕೇಡು ಮಾಡದೆ, ಕಲೆಯೊಳಗಿನ ಕಬ್ಬಿಣವನ್ನು ಒಗರಿನ ಬಂಧನದಿಂದ ಬಿಡಿಸಿ, ತನ್ನೊಡನೆ ಕಟ್ಟಿಕೊಂಡು, ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಅದರ ಹಿರಿಮೆಯೆಲ್ಲ ಇದರಲ್ಲಿದೆ.

ಕೆಲಸಕ್ಕೆ ಮಳೆಗಾಲವು ತಕ್ಕುದಲ್ಲ. ಮಾಘ ಫಾಲ್ಗುಣಗಳ ಒಣಹವೆಯಲ್ಲಿ ಕಿಟಕಿಗಳನ್ನು ತೆರೆದಿಟ್ಟು ತೊಡಗಬೇಕು. ಹಲಗೆಯ ಮೇಲೆ ಎಣ್ಣೆ, ಮೇಣ, ವಾರ್ನಿಷುಗಳ ಪದರವಿದ್ದರೆ ಆಮ್ಲವು ಮರವನ್ನು ಮುಟ್ಟಲಾರದಾದುದರಿಂದ ಮೊದಲು ಅದನ್ನು ತೆಗೆಯತಕ್ಕದ್ದು. ಗಾಜಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಒಂದು ಲೀಟರು ಬಿಸಿನೀರಿಗೆ 60ರಿಂದ 100 ಗ್ರಾಂ ಪುಡಿಯನ್ನು ಕರಗಿಸಿ, ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಬಟ್ಟೆಯಿಂದ ಸವರಬೇಕು. ಕಲೆಯ ಮೇಲಷ್ಟೇ ಸವರಿದರೆ ಅಲ್ಲೊಂದು ಬಿಳುಪಾದ ಮಂಡಲ ಉಳಿಯುವುದರಿಂದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೂ ತೇವಗೊಳಿಸುವುದು ಲೇಸು. ಹೊಯ್ಯಕೂಡದು, ಹಲಗೆಗಳ ಸಂದಿನಿಂದ ಕೆಳಕ್ಕಿಳಿದೀತು.

ಮೊದಲ ಕೆಲವು ನಿಮಿಷ ಏನೂ ಆಗದಂತೆ ತೋರುವುದು. ಆಮೇಲೆ ಮಚ್ಚೆಯ ಅಂಚು ಸಡಿಲಗೊಂಡು, ಕಪ್ಪು ಕಂದಾಗಿ, ಕಂದು ಮಾಸಲು ಹಳದಿಯಾಗಿ, ಇಷ್ಟು ಕಾಲವೂ ಮುಚ್ಚಿಹೋಗಿದ್ದ ಮರದ ಎಳೆಗಳು ಒಂದೊಂದಾಗಿ ಕಾಣಿಸಿಕೊಳ್ಳುವುವು. ಹತ್ತಿಪ್ಪತ್ತು ನಿಮಿಷಗಳ ತರುವಾಯ ಒದ್ದೆ ಬಟ್ಟೆಯಿಂದ ಒರಸಿ, ಒಣಗಿಸಿ, ಕಲೆ ಉಳಿದಿದ್ದರೆ ಮತ್ತೊಮ್ಮೆ ಸವರಬೇಕು. ಹಳೆಯ ಕಲೆಗೆ ಮೂರು ನಾಲ್ಕು ಸಲವಾದರೂ ಬೇಕಾದೀತು. ಕೊನೆಯಲ್ಲಿ ಶುದ್ಧೋದಕದಿಂದ ಹಲವು ಬಾರಿ ಒರಸಿ ಆಮ್ಲದ ಅಂಶವೆಲ್ಲವನ್ನೂ ನಿವಾರಿಸಿ, ಹಲಗೆಯು ಪೂರ್ತಿಯಾಗಿ ಒಣಗಿದ ಬಳಿಕವೇ ಅಗಸೆಯೆಣ್ಣೆಯನ್ನು ಹಚ್ಚಬೇಕು. ಆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾವಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಹೊರಗೆ ಹರವಿಡುವುದನ್ನು ಮರೆಯಬಾರದು.

ಆಕ್ಸಾಲಿಕ್ ಆಮ್ಲವು ವಿಷ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಅವಶ್ಯ. ಒಣಗಿದ ಹರಳುಗಳನ್ನು ಗುಡಿಸಿದರೆ ಅಥವಾ ಉಜ್ಜಿದರೆ ಏಳುವ ಧೂಳು ಮೂಗು ಗಂಟಲುಗಳನ್ನು ಸುಡುವುದು. ಚೆಲುವೆಪುಡಿಯಿಂದ ಹೊಮ್ಮುವ ಕ್ಲೋರಿನ್ ಅನಿಲವನ್ನು 1774ರಲ್ಲಿ ಮೊದಲು ಪಡೆದವನೂ ಅದೇ ಷೀಲೆಯೇ. ಆ ಪುಡಿಯನ್ನಾಗಲಿ ಅದರ ದ್ರಾವಣವನ್ನಾಗಲಿ ಈ ಆಮ್ಲದೊಡನೆ ಎಂದಿಗೂ ಬೆರೆಸಕೂಡದು, ಬೆರೆಸಿದರೆ ಏಳುವ ಅನಿಲವು ಪ್ರಾಣಾಪಾಯಕರ.

ಮಕ್ಕಳ ಪೆನ್ನಿನ ತೊಳೆದರೆ ಹೋಗುವ ನೀಲಿಗೆ ಇಷ್ಟು ಸಾಹಸ ಬೇಡ, ಹೀರುಕಾಗದವೂ ತಣ್ಣೀರೂ ಸಾಕು. ಬಾಲ್‌ಪೆನ್ನಿನ ಜಿಡ್ಡುಮಸಿ ಸ್ಪಿರಿಟ್ಟಿಗೆ ಕರಗುವುದಾದರೂ, ಅರಗಿನ ಪಾಲಿಷೂ ಅದಕ್ಕೇ ಕರಗುವುದರಿಂದ ಹತ್ತಿಯ ತುದಿಯಲ್ಲಷ್ಟೇ ಮುಟ್ಟಿಸಬೇಕು. 1962ರ ಮಹಾಚುನಾವಣೆಯಿಂದೀಚೆಗೆ ಮೈಸೂರಿನಲ್ಲಿ ತಯಾರಾಗಿ ಮತದಾರರ ಬೆರಳನ್ನು ಸೇರುತ್ತಿರುವ ಅಳಿಸಲಾಗದ ಶಾಯಿಯಲ್ಲಿರುವುದು ಬೆಳ್ಳಿಯ ಲವಣ. ಶಾಲೆಯ ಮೇಜಿನ ಮೇಲೋ ಹಲಗೆಯ ಮೇಲೋ ಅದು ಚೆಲ್ಲಿದರೆ ಮೇಲ್ಪದರವನ್ನು ಹೆರೆಯುವುದೊಂದೇ ಸುಲಭದ ದಾರಿ.

ಎಲ್ಲ ಕಲೆಯನ್ನೂ ತೆಗೆಯಲೇಬೇಕೆಂಬ ಹಠವೂ ನನಗೆ ಒಪ್ಪಿಗೆಯಿಲ್ಲ. ಜರ್ಮನಿಯ ವಾರ್ಟ್‌ಬುರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರನು ಸೈತಾನನ ಮೇಲೆ ದೌತಿಯನ್ನೆಸೆದನೆಂಬ ಐತಿಹ್ಯವುಂಟು. ಗೋಡೆಯ ಮೇಲಣ ಆ ಕಲೆಯನ್ನು ಯಾತ್ರಿಕರು ಕೆರೆದು ಕೆರೆದು ಒಯ್ಯಲಾಗಿ, ಕಾವಲಿನವರು ಮತ್ತೆ ಮತ್ತೆ ಮಸಿ ಬಳಿದು ಅದನ್ನು ಉಳಿಸಿಕೊಂಡು ಬಂದರು. ಅಜ್ಜನು ಕುಳಿತು ಬರೆದ ಎಡೆಯ ಗುರುತನ್ನು ಹಾಗೆಯೇ ಉಳಿಸಿಕೊಳ್ಳಲು ಬಯಸುವ ಮನೆಯವರಿದ್ದರೆ ಅವರಿಗೆ ನನ್ನ ನಮಸ್ಕಾರ. ಆದರೆ ಆ ಕಲೆಯೊಂದರ ನೆಪದಿಂದ ಹಲಗೆಗಳನ್ನೇ ಕಿತ್ತು ಹಳೆಯ ಮರದ ವ್ಯಾಪಾರಿಗೆ ಕೊಟ್ಟು, ಉಪ್ಪರಿಗೆಗೆ ಟೈಲು ಹಾಸಲು ಹೊರಟವರನ್ನು ನಾನು ಬೇಡಿಕೊಳ್ಳುವುದು ಇಷ್ಟೆ: ಮೊದಲು ಒಂದು ಹಲಗೆಯ ಮೇಲೆ ಈ ಆಮ್ಲವನ್ನು ಸವರಿ, ಒಣಗಲು ಬಿಟ್ಟು, ಮರುದಿನದ ಬೆಳಕಿನಲ್ಲಿ ನೋಡಿರಿ. ಆಮೇಲೆ ನಿರ್ಧರಿಸಿರಿ.